ಕುರಿ, ಆಡು ಮತ್ತು ಪರದೇಶಿ: ಪೆನ್ನಾಗರಂ ಸೀಮೆಯಿಂದ ಕೊನೆಯ ತೀರ್ಪಿನ ಸಾಮ್ಯದ ಒಂದು ಓದು

1

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಕೊನೆಯ ಭಾಗವನ್ನು, ಅಂದರೆ 31ರಿಂದ 46ರವರೆಗಿನ ವಚನಗಳನ್ನು, ‘ಕುರಿ ಮತ್ತು ಆಡುಗಳ ಸಾಮ್ಯ’ ಎಂದು ಕರೆಯುವುದು ರೂಢಿ. ಮನುಷ್ಯಕುಮಾರನು ಸಿಂಹಾಸನದಲ್ಲಿ ಕುಳಿತು ಸಮಸ್ತ ಜನಾಂಗಗಳನ್ನೂ ತನ್ನ ಮುಂದೆ ಸೇರಿಸುತ್ತಾನೆ. ಮಂದೆ ಕಾಯುವವನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಜನರನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಹಸಿವು, ಬಾಯಾರಿಕೆ, ಪರಸ್ಥಳವಾಸ, ಬಟ್ಟೆಯಿಲ್ಲದಿರುವಿಕೆ, ರೋಗ, ಸೆರೆವಾಸ ಎಂಬ ಆರು ಸ್ಥಿತಿಗಳಲ್ಲಿ ತನ್ನನ್ನು ಕಂಡು ನೆರವಾದವರು ಬಲಗಡೆಯವರು, ನೆರವಾಗದವರು ಎಡಗಡೆಯವರು ಎಂದು ಆತ ಹೇಳುತ್ತಾನೆ. ನಾವು ನಿನ್ನನ್ನು ಯಾವಾಗ ಕಂಡೆವೆಂದು ಇಬ್ಬರೂ ಬೆರಗಿನಿಂದ ಕೇಳುತ್ತಾರೆ. ಅತ್ಯಂತ ಅಲ್ಪರಾದವರಿಗೆ ಮಾಡಿದ್ದು ತನಗೆ ಮಾಡಿದ್ದು, ಅವರಿಗೆ ಮಾಡದೆ ಬಿಟ್ಟದ್ದು ತನಗೆ ಮಾಡದೆ ಬಿಟ್ಟದ್ದು ಎಂಬುದು ಉತ್ತರ.

ಈ ಭಾಗದ ಅರ್ಥದ ಬಗ್ಗೆ ಪಾಶ್ಚಾತ್ಯ ವಿದ್ವಾಂಸರು ಬರೆದಿರುವುದು ಅಪಾರ. ಅದರ ವ್ಯಾಖ್ಯಾನಗಳ ಇತಿಹಾಸವನ್ನೇ ವಸ್ತುವಾಗಿಸಿಕೊಂಡು ಶೆರ್ಮನ್ ಗ್ರೇ 1989ರಲ್ಲಿ ಒಂದು ಇಡೀ ಗ್ರಂಥವನ್ನು ಪ್ರಕಟಿಸಿದ್ದಾರೆ. ಪ್ರಸ್ತುತ ಲೇಖನದ ಉದ್ದೇಶ ಆ ಚರ್ಚೆಯನ್ನು ಮತ್ತೆ ಒಪ್ಪಿಸುವುದಲ್ಲ. ಮನೆಯಲ್ಲಿ ಕನ್ನಡವನ್ನೂ ಶಾಲೆ, ಸಂತೆ, ಕಚೇರಿಗಳಲ್ಲಿ ತಮಿಳನ್ನೂ ಬಳಸುವ ಪೆನ್ನಾಗರಂ ಸೀಮೆಯ ಓದುಗನೊಬ್ಬ ಈ ಸಾಮ್ಯವನ್ನು ಎರಡೂ ಭಾಷೆಗಳಲ್ಲಿ ಎದುರಿಗಿಟ್ಟುಕೊಂಡಾಗ ಯಾವ ಅರ್ಥಗಳು ತೆರೆಯುತ್ತವೆ, ಯಾವ ರೂಢಿಯ ಅರ್ಥಗಳು ಕುಸಿಯುತ್ತವೆ ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ.

ಪೆನ್ನಾಗರಂ ಧರ್ಮಪುರಿ ಜಿಲ್ಲೆಯ ಪಶ್ಚಿಮದ ಅಂಚು. ಹೊಗೇನಕಲ್ಲಿನಲ್ಲಿ ಕಾವೇರಿ ದಾಟಿದರೆ ಚಾಮರಾಜನಗರ ಜಿಲ್ಲೆಯ ಕಾಡು. ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಭಾಗ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲಿನೊಡನೆ ಕುಂಪಣಿಯ ವಶವಾಯಿತು. ಮುಂದೆ ಸೇಲಂ ಜಿಲ್ಲೆಯ ಭಾಗವಾಗಿದ್ದು 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಸರಿದಾಡಿದರೂ ಮಂದೆ ಕಾಯುವವರ ಕನ್ನಡ ಇಲ್ಲಿ ಉಳಿದಿದೆ. ಆದ್ದರಿಂದ ಕುರಿ ಮತ್ತು ಆಡುಗಳ ಮಾತು ಈ ನೆಲಕ್ಕೆ ಪುಸ್ತಕದ ರೂಪಕವಲ್ಲ, ದಿನದ ಕಸುಬು.

2

ಮೊದಲು ಪ್ರಾಣಿಗಳ ಹೆಸರನ್ನು ನೋಡೋಣ. ಗ್ರೀಕ್ ಮೂಲದಲ್ಲಿ ಬಲಗಡೆಯವು ‘ಪ್ರೋಬಾತ’, ಎಡಗಡೆಯವು ‘ಎರಿಫೋಯ್’. ಎರಡನೆಯ ಪದಕ್ಕೆ ಎಳೆಯ ಆಡು, ಆಡಿನ ಮರಿ ಎಂಬ ಅರ್ಥವಿದೆ. ಕನ್ನಡದ ಸತ್ಯವೇದ ಇವಕ್ಕೆ ‘ಕುರಿ’ ಮತ್ತು ‘ಆಡು’ ಎಂಬ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳನ್ನು ಇಟ್ಟಿದೆ. ತಮಿಳಿನ ವೇದಾಗಮದಲ್ಲಿ ಅವು ‘ಸೆಮ್ಮರಿಯಾಡು’ ಮತ್ತು ‘ವೆಳ್ಳಾಡು’. ಅಂದರೆ ತಮಿಳಿನಲ್ಲಿ ಎರಡೂ ಆಡುಗಳೇ. ವಿಶೇಷಣ ಮಾತ್ರ ಬೇರೆ. ಕನ್ನಡದಲ್ಲಿ ಎಡಗಡೆಗೆ ತಳ್ಳಲ್ಪಟ್ಟವರ ಹೆಸರು ಯಾವುದೋ ಅದೇ ತಮಿಳಿನಲ್ಲಿ ಇಬ್ಬರಿಗೂ ಸಲ್ಲುವ ಕುಲನಾಮ. ಕನ್ನಡದ ಓದುಗನಿಗೆ ಬೇರ್ಪಡಿಕೆ ಎರಡು ಜಾತಿಗಳ ನಡುವೆ ನಡೆಯುತ್ತದೆ. ತಮಿಳಿನ ಓದುಗನಿಗೆ ಅದು ಒಂದೇ ಜಾತಿಯ ಒಳಗೆ ನಡೆಯುತ್ತದೆ. ಎರಡನ್ನೂ ಬಲ್ಲ ಪೆನ್ನಾಗರಂನ ಓದುಗನಿಗೆ ಮಾತ್ರ, ತಾನು ‘ಆಡು’ ಎಂದಾಗ ಯಾರನ್ನು ಹೊರಗಿಡುತ್ತಿದ್ದೇನೆ, ಯಾರನ್ನು ಒಳಗೊಳ್ಳುತ್ತಿದ್ದೇನೆ ಎಂಬ ಸಂದೇಹ ಸಹಜವಾಗಿಯೇ ಹುಟ್ಟುತ್ತದೆ. ಈ ಸಂದೇಹ ಸಾಮ್ಯಕ್ಕೆ ಹೊರಗಿನದಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಬಣ್ಣದ ಮಾತು ಇನ್ನೂ ಕುತೂಹಲಕರ. ಯುರೋಪಿನ ಚಿತ್ರಗಳಲ್ಲಿಯೂ ಉಪದೇಶಗಳಲ್ಲಿಯೂ ಬಿಳಿಯ ಉಣ್ಣೆಯ ಕುರಿ ಪುಣ್ಯದ ಗುರುತು, ಕಪ್ಪು ಆಡು ಪಾಪದ ಗುರುತು. ಮಂದೆಯೊಳಗಿನ ಬಿಳಿ ಕುರಿ ಕಪ್ಪು ಆಡುಗಳನ್ನು ಬೇರ್ಪಡಿಸುವ ಸಂಜೆಯ ಕೆಲಸವೇ ಈ ಉಪಮೆಯ ಹಿನ್ನೆಲೆಯೆಂದು ಯೋಆಖಿಂ ಯೆರೆಮಿಯಾಸರಂಥವರೂ ವಿವರಿಸಿದ್ದಾರೆ. ಈ ಸೀಮೆಯ ಮಂದೆಗೆ ಆ ವಿವರಣೆ ಹೊಂದುವುದಿಲ್ಲ. ಸೇಲಂ ಜಿಲ್ಲೆಯ ಮೇಚೇರಿಯ ಹೆಸರು ಹೊತ್ತ ಇಲ್ಲಿನ ಕುರಿ ತಳಿಗೆ ಉಣ್ಣೆಯಿಲ್ಲ. ನುಣುಪಾದ ಕಂದುಗೆಂಪು ಕೂದಲು. ‘ಸೆಮ್ಮರಿ’ ಎಂಬ ತಮಿಳು ಹೆಸರಿನಲ್ಲಿಯೇ ಕೆಂಪು ಇದೆ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ‘ಸೇಲಂ ಕರುಪ್ಪು’ ಆಡು ಅಪ್ಪಟ ಕಪ್ಪು. ಆದರೆ ಆಡಿಗೆ ತಮಿಳಿನ ಸಾಮಾನ್ಯ ಹೆಸರು ‘ವೆಳ್ಳಾಡು’. ಪದಶಃ ನೋಡಿದರೆ ಬೆಳ್ಳಗಿನ ಆಡು. ಹೀಗಾಗಿ ಇಲ್ಲಿ ಉದ್ಧಾರವಾಗುವುದು ಕೆಂಪು, ದಂಡನೆಗೆ ಗುರಿಯಾಗುವುದು ಹೆಸರಿನಲ್ಲಿ ಬಿಳುಪು, ಮೈಯಲ್ಲಿ ಕಪ್ಪು. ಬಣ್ಣದಿಂದ ಪುಣ್ಯಪಾಪಗಳನ್ನು ಓದುವ ಅಭ್ಯಾಸ ಈ ಮಂದೆಯ ಮುಂದೆ ನಿಲ್ಲಲಾರದು. ಮೂಲಪಾಠದಲ್ಲಿಯೂ ಬಣ್ಣದ ಮಾತೇ ಇಲ್ಲ ಎಂಬುದನ್ನು ಮರೆಯಬಾರದು. ಪಾಠದಲ್ಲಿಲ್ಲದ್ದನ್ನು ನಾವು ಎಷ್ಟು ಸುಲಭವಾಗಿ ಪಾಠದೊಳಗೆ ಓದುತ್ತೇವೆ ಎಂಬುದನ್ನು ಸ್ಥಳೀಯ ಮಂದೆ ತೋರಿಸಿಕೊಡುತ್ತದೆ.

ಇನ್ನೂ ಒಂದು ಅಂಶ. ಹದಿನಾರು ವಚನಗಳ ಈ ಭಾಗದಲ್ಲಿ ಪ್ರಾಣಿಗಳು ಕಾಣಿಸಿಕೊಳ್ಳುವುದು ಎರಡೇ ವಚನಗಳಲ್ಲಿ. ಅನಂತರ ಮಂದೆ ಮರೆಯಾಗಿ ಅರಸ ಮತ್ತು ಜನರು ಮಾತ್ರ ಉಳಿಯುತ್ತಾರೆ. ಆದ್ದರಿಂದ ಇದನ್ನು ಪೂರ್ಣ ಸಾಮ್ಯವೆನ್ನುವುದಕ್ಕಿಂತ ಒಂದು ಉಪಮೆಯನ್ನು ಒಳಗೊಂಡ ತೀರ್ಪಿನ ದೃಶ್ಯವೆನ್ನುವುದು ಸರಿ. ಆಡುಗಳು ಹುಟ್ಟಿನಿಂದ ದುಷ್ಟವೆಂದು ಎಲ್ಲಿಯೂ ಹೇಳಿಲ್ಲ. ಉಪಮೆಯ ಕೆಲಸ ಬೇರ್ಪಡಿಸುವ ಕೈಯ ಖಚಿತತೆಯನ್ನು ತೋರಿಸುವುದು. ಬೇರ್ಪಟ್ಟವುಗಳ ಸ್ವಭಾವವನ್ನು ತೋರಿಸುವುದಲ್ಲ.

3

ಬೇರ್ಪಡಿಸುವವನ ಹೆಸರಿಗೆ ಬರೋಣ. ತಮಿಳಿನ ‘ಮೇಯ್ಪ್ಪನ್’ ಕ್ರಿಯೆಯಿಂದ ಹುಟ್ಟಿದ ಪದ; ಮೇಯಿಸುವವನಾರೋ ಅವನೆಲ್ಲ ಮೇಯ್ಪ್ಪನ್. ಕನ್ನಡದ ಹಳೆಯ ಅನುವಾದ ಪರಂಪರೆ ಆರಿಸಿಕೊಂಡದ್ದು ‘ಕುರುಬ’ ಎಂಬ ಪದವನ್ನು. ಅದು ಕಸುಬಿನ ಹೆಸರೂ ಹೌದು, ಸಮುದಾಯದ ಹೆಸರೂ ಹೌದು. ಈಚಿನ ಬಳಕೆಯಲ್ಲಿ ‘ಕುರಿಗಾಹಿ’ ಎಂಬ ಮಾತೂ ಬಂದಿದೆ. ಅದು ಅರ್ಥವನ್ನು ಸಾಮಾನ್ಯೀಕರಿಸುತ್ತದೆಯಾದರೂ ಹಳೆಯ ಪದದ ಧೈರ್ಯ ಅದಕ್ಕಿಲ್ಲ. ಲೋಕದ ನ್ಯಾಯಾಧಿಪತಿಯನ್ನು ಒಂದು ನಿರ್ದಿಷ್ಟ ದುಡಿಯುವ ಸಮುದಾಯದ ಹೆಸರಿನಿಂದ ಕರೆದ ಅನುವಾದಕರಿಗೆ ಅದರ ಪರಿಣಾಮ ಪೂರ್ತಿ ತಿಳಿದಿತ್ತೋ ಇಲ್ಲವೋ, ಕನ್ನಡದ ಕಿವಿಗೆ ಮಾತ್ರ ಅದು ಸಣ್ಣ ಮಾತಲ್ಲ.

ಆದರೆ ಆ ಪದ ಈ ಸೀಮೆಯ ಕುರುಬರನ್ನು ತಲುಪಿದ ಬಗೆ ವಿಚಿತ್ರವಾಗಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲಿ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಅದೇ ಮಿಷನ್ 1827ರಲ್ಲಿ ಸೇಲಂನಲ್ಲಿ ನೆಲೆಯೂರಿದಾಗ ಅಲ್ಲಿನ ಉಪದೇಶದ ಭಾಷೆ ತಮಿಳಾಯಿತು. ಒಂದೇ ಸಂಸ್ಥೆಯ ಒಂದು ಕೈ ‘ಕುರುಬ’ ಎಂದು ಬರೆಯುತ್ತಿದ್ದಾಗ ಇನ್ನೊಂದು ಕೈ ಕನ್ನಡ ಮಾತನಾಡುವ ಕುರುಬರ ನಾಡಿನಲ್ಲಿ ‘ಮೇಯ್ಪ್ಪನ್’ ಎಂದು ಓದುತ್ತಿತ್ತು. ತಮ್ಮ ಹೆಸರು ಯಾವ ಪುಸ್ತಕದಲ್ಲಿ ದೇವರ ಹೆಸರಾಗಿತ್ತೋ ಆ ಪುಸ್ತಕ ಇಲ್ಲಿನ ಕುರುಬರ ಕೈಗೆ ಸುಲಭವಾಗಿ ಬರಲಿಲ್ಲ.

ಇಂದು ಆ ಹೆಸರೇ ಬೇರೆಯೊಂದು ಬೇರ್ಪಡಿಕೆಗೆ ಒಳಗಾಗಿದೆ. ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಕುರುಮನ್ಸ್’ ಎಂಬ ಹೆಸರಿದೆ. ಕುರುಬರ್, ಕುರುಂಬರ್, ಕುರುಮನ್ ಎಂಬ ಹೆಸರುಗಳಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ ಎಂಬ ಜಾತಿಪತ್ರದ ವ್ಯಾಜ್ಯ ಧರ್ಮಪುರಿ, ಕೃಷ್ಣಗಿರಿ ಭಾಗಗಳಲ್ಲಿ ಬಹುಕಾಲದಿಂದ ನಡೆದಿದೆ. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಮನೆ ಪಟ್ಟಿಯ ಒಳಗೋ ಹೊರಗೋ ನಿಲ್ಲುತ್ತದೆ. ಯಾವ ಸಮುದಾಯದ ಹೆಸರು ಸಾಮ್ಯದಲ್ಲಿ ಬೇರ್ಪಡಿಸುವವನದೋ ಅದೇ ಸಮುದಾಯ ಇಲ್ಲಿ ಬೇರ್ಪಡಿಸಲ್ಪಡುವವರ ಸಾಲಿನಲ್ಲಿ ಅರ್ಜಿ ಹಿಡಿದು ನಿಂತಿದೆ.

ಬಲ ಎಡಗಳ ಮಾತೂ ಇದಕ್ಕೆ ಹೊಂದಿಕೊಂಡಿದೆ. ತಮಿಳು ನಾಡಿನಲ್ಲಿಯೂ ದಕ್ಷಿಣ ಕರ್ನಾಟಕದಲ್ಲಿಯೂ ಬಲಗೈ, ಎಡಗೈ ಎಂಬ ಜಾತಿವಿಭಾಗ ಶತಮಾನಗಳ ಕಾಲ ಬೀದಿಯ ಮೆರವಣಿಗೆಯಿಂದ ಬಾವಿಯ ನೀರಿನವರೆಗೆ ಎಲ್ಲವನ್ನೂ ಹಂಚಿತ್ತು. ಆ ಕಾಲದ ಕೇಳುಗನಿಗೆ ಬಲದವರು ಧನ್ಯರು, ಎಡದವರು ಶಾಪಗ್ರಸ್ತರು ಎಂಬ ಮಾತು ತನ್ನ ಊರಿನ ಜಗಳದಂತೆಯೇ ಕೇಳಿಸಿರಬೇಕು. ಆದರೆ ಸಾಮ್ಯದಲ್ಲಿ ಬಲಗಡೆಯ ಸ್ಥಾನ ಹುಟ್ಟಿನಿಂದ ಬಂದದ್ದಲ್ಲ. ಕೇಳಲ್ಪಡುವ ಆರು ಪ್ರಶ್ನೆಗಳಲ್ಲಿ ಕುಲ, ಮತ, ಭಾಷೆಗಳ ಒಂದು ಪ್ರಶ್ನೆಯೂ ಇಲ್ಲ. ಊರು ಬಲ್ಲ ವಿಭಾಗದ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು ಅದರ ಆಧಾರವನ್ನು ಮಾತ್ರ ಸಾಮ್ಯ ಕಿತ್ತು ಹಾಕುತ್ತದೆ.

4

ಈಗ ಅರ್ಥದ ಮುಖ್ಯ ತೊಡಕು. ‘ಅತ್ಯಂತ ಅಲ್ಪರಾದ ಸಹೋದರರು’ ಯಾರು? ಲೋಕದ ಎಲ್ಲ ದೀನರೇ, ಅಥವಾ ಯೇಸುವಿನ ಶಿಷ್ಯರು ಮಾತ್ರವೇ? ಎರಡನೆಯ ಪಕ್ಷಕ್ಕೆ ಮತ್ತಾಯನಲ್ಲಿಯೇ ಬಲವಾದ ಆಧಾರವಿದೆ. ‘ಸಹೋದರ’ ಎಂಬ ಪದ ಆ ಸುವಾರ್ತೆಯಲ್ಲಿ ಹಲವೆಡೆ ಶಿಷ್ಯಸಮುದಾಯಕ್ಕೆ ಸಲ್ಲುತ್ತದೆ. 10ನೆಯ ಅಧ್ಯಾಯದಲ್ಲಿ ಶಿಷ್ಯರನ್ನು ಸೇರಿಸಿಕೊಂಡವರು ತನ್ನನ್ನೇ ಸೇರಿಸಿಕೊಂಡಂತೆ ಎಂಬ ಮಾತಿದೆ; ಅವರಿಗೆ ಕೊಟ್ಟ ಒಂದು ಬಟ್ಟಲು ತಣ್ಣೀರಿನ ಮಾತೂ ಇದೆ. ಈ ಪಕ್ಷವನ್ನು ಒಪ್ಪಿದರೆ ಸಾಮ್ಯ ಒಂದು ಅಲ್ಪಸಂಖ್ಯಾತ ಸಮುದಾಯದ ಸಾಂತ್ವನದ ಮಾತಾಗುತ್ತದೆ. ನಮ್ಮನ್ನು ನೀವು ಹೇಗೆ ನಡೆಸಿಕೊಂಡಿರೋ ಅದರಿಂದಲೇ ನಿಮಗೆ ತೀರ್ಪಾಗುತ್ತದೆ ಎಂದು ಚಿಕ್ಕ ಗುಂಪೊಂದು ದೊಡ್ಡ ಜನಾಂಗಗಳಿಗೆ ಹೇಳಿದಂತೆ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಓದು ಅತ್ಯಂತ ಆಕರ್ಷಕ. ಪದಗಳೂ ಅದಕ್ಕೆ ನೆರವಾಗುತ್ತವೆ. ಗ್ರೀಕಿನ ‘ಎಲಾಖಿಸ್ತೋಸ್’ ಎಂಬುದಕ್ಕೆ ಕನ್ನಡ ಸತ್ಯವೇದ ಬಳಸಿರುವುದು ‘ಅಲ್ಪ’ ಎಂಬ ಪದವನ್ನು; ‘ಅಲ್ಪಸಂಖ್ಯಾತ’ದಲ್ಲಿ ಇರುವುದೂ ಅದೇ. ತಮಿಳಿನಲ್ಲಿ ಅದು ‘ಸಿರಿಯವರ್’. ‘ಸಿರುಬಾನ್ಮೈ’ ಎಂಬ ಅಲ್ಪಸಂಖ್ಯಾತವಾಚಕವೂ ಅದೇ ಬೇರಿನದು. ಎರಡು ಭಾಷೆಗಳೂ ಒಪ್ಪಂದ ಮಾಡಿಕೊಂಡಂತೆ ಸಂವಿಧಾನದ ಪರಿಭಾಷೆಯನ್ನು ಸುವಾರ್ತೆಯ ಪರಿಭಾಷೆಗೆ ಗಂಟು ಹಾಕಿವೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕುರಿತ 350ಎ ವಿಧಿಯನ್ನೂ, ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯಿದೆಯ ನಂತರ ಅಲ್ಪಸಂಖ್ಯಾತ ಭಾಷಾ ಶಾಲೆಗಳು ಎದುರಿಸಿದ ಇಕ್ಕಟ್ಟನ್ನೂ ಬಲ್ಲವರಿಗೆ ‘ಅಲ್ಪರಾದವರು ನಾವೇ’ ಎನ್ನುವುದು ಕಷ್ಟವಲ್ಲ. ಆ ಮಾತಿನಲ್ಲಿ ನ್ಯಾಯವೂ ಇದೆ.

ಆದರೂ ಪಾಠ ಆ ಓದಿಗೆ ಪೂರ್ತಿಯಾಗಿ ಮಣಿಯುವುದಿಲ್ಲ. ಕಾರಣಗಳು ಎರಡು. ಒಂದನೆಯದಾಗಿ, ಆರು ಸ್ಥಿತಿಗಳ ಪಟ್ಟಿ ನಾಲ್ಕು ಬಾರಿ ಬರುತ್ತದೆ. ನಾಲ್ಕು ಬಾರಿಯೂ ಅದರಲ್ಲಿ ನಂಬಿಕೆಯ ಗುರುತೊಂದೂ ಇಲ್ಲ. ಹಸಿವಿಗೆ ಮತವಿಲ್ಲ, ರೋಗಕ್ಕೆ ಪಕ್ಷವಿಲ್ಲ. ಎರಡನೆಯದಾಗಿ, ಬಲಗಡೆಯವರ ಬೆರಗು. ಕ್ರಿಸ್ತನ ಹೆಸರು ಹೇಳಿಕೊಂಡು ಬಂದ ಶಿಷ್ಯರನ್ನೇ ಅವರು ಸತ್ಕರಿಸಿದ್ದರೆ ತಾವು ಯಾರ ಸಲುವಾಗಿ ಸತ್ಕರಿಸಿದೆವೆಂಬುದು ಅವರಿಗೆ ಗೊತ್ತಿರುತ್ತಿತ್ತು. ಬೆರಗಿಗೆ ಆಸ್ಪದವೇ ಇರುತ್ತಿರಲಿಲ್ಲ. 10ನೆಯ ಅಧ್ಯಾಯದ ಆತಿಥೇಯ ಅರಿತು ಮಾಡುತ್ತಾನೆ, 25ನೆಯ ಅಧ್ಯಾಯದವನು ಅರಿಯದೆ ಮಾಡುತ್ತಾನೆ. ಈ ಅರಿಯದಿರುವಿಕೆಯೇ ಸಾಮ್ಯದ ತಿರುಳು. ಆದ್ದರಿಂದ ಸಾಮ್ಯ ಅಲ್ಪರ ಗುಂಪೊಂದರ ನೋವಿನಿಂದ ಹುಟ್ಟಿದ್ದಿರಬಹುದು. ಆದರೆ ಅದು ಆ ಗುಂಪಿನ ಬೇಲಿಯೊಳಗೆ ನಿಲ್ಲಲಿಲ್ಲ ಎಂಬುದು ಈ ಲೇಖನದ ನಿಲುವು.

ಎಡಗಡೆಯವರ ಉತ್ತರದ ರಚನೆಯನ್ನೂ ಗಮನಿಸಬೇಕು. ಬಲಗಡೆಯವರು ಒಂದೊಂದು ಸ್ಥಿತಿಗೂ ಅದರದೇ ಕ್ರಿಯೆಯನ್ನು ಜೋಡಿಸಿ ಕೇಳುತ್ತಾರೆ: ಉಣಿಸಿದ್ದು ಯಾವಾಗ, ಕುಡಿಸಿದ್ದು ಯಾವಾಗ, ಹೊದಿಸಿದ್ದು ಯಾವಾಗ ಎಂದು. ಎಡಗಡೆಯವರು ಆರು ಸ್ಥಿತಿಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಉಪಚಾರ ಮಾಡಲಿಲ್ಲವೆಂಬ ಒಂದೇ ಕ್ರಿಯೆಯಲ್ಲಿ ಮುಗಿಸುತ್ತಾರೆ. ಸಂಕಟಗಳ ಪಟ್ಟಿ ಅವರಿಗೆ ಬಾಯಿಪಾಠವಿದೆ. ಪ್ರತಿಯೊಂದಕ್ಕೂ ಬೇಕಾದ ಬೇರೆ ಬೇರೆ ಕೆಲಸ ಮಾತ್ರ ಅವರ ಮಾತಿನಲ್ಲಿಲ್ಲ. ಅವರು ಕದ್ದವರಲ್ಲ, ಕೊಂದವರಲ್ಲ. ನಮ್ಮ ಜನಪದರ ಯಮಸಭೆಯಲ್ಲಿ ಚಿತ್ರಗುಪ್ತ ಮಾಡಿದ ಪಾಪಗಳನ್ನು ಓದುತ್ತಾನೆ. ಇಲ್ಲಿನ ಲೆಕ್ಕದ ಪುಸ್ತಕದಲ್ಲಿ ಓದಲಾಗುವುದು ಬರೆಯದೆ ಬಿಟ್ಟ ಸಾಲುಗಳು.

5

ವೇಷ ಮರೆಸಿಕೊಂಡು ಬರುವ ದೇವರು ಈ ಸೀಮೆಗೆ ಹೊಸಬನಲ್ಲ. ಕಾವೇರಿಯ ಆಚೆಗಿನ ಏಳು ಮಲೆಯ ಮಾದಪ್ಪನಿಗೆ ಈಚೆಯ ಧರ್ಮಪುರಿ, ಸೇಲಂ ಕಡೆಯ ಒಕ್ಕಲುಗಳೂ ಇವೆ. ದೇವರ ಗುಡ್ಡರು ಹಾಡುವ ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮೊದಲಾದವರು ಸಂಗ್ರಹಿಸಿ ಸಂಪಾದಿಸಿದ್ದಾರೆ. ಅದರಲ್ಲಿ ಮಾದಪ್ಪ ಜಂಗಮನಾಗಿ, ಭಿಕ್ಷುಕನಾಗಿ ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಸಿರಿಯ ಮದದಲ್ಲಿ ಅವನನ್ನು ಕಡೆಗಣಿಸಿದ ಮನೆಗೆ ಕೇಡು ತಪ್ಪುವುದಿಲ್ಲ. ಅವನಿಗೆ ಗುಡಿ ಕಟ್ಟಿಸಿದವನು ಹೊಗೇನಕಲ್ ಸಮೀಪದ ಆಲಂಬಾಡಿಯ ಜುಂಜೇಗೌಡ, ಕುರುಬರವನು. ಬೇವಿನಹಟ್ಟಿ ಕಾಳಮ್ಮನ ಸಾಲನ್ನು ಕೇಳಿ ಬೆಳೆದವನಿಗೆ ಮತ್ತಾಯನ ಅರಸ ಅಪರಿಚಿತನಾಗಿ ಕಾಣಲಾರ.

ಆದರೂ ಎರಡರ ನಡುವೆ ನಿರ್ಣಾಯಕವಾದ ಒಂದು ವ್ಯತ್ಯಾಸವಿದೆ. ಮಾದಪ್ಪನ ಭಿಕ್ಷುಕವೇಷ ತಾತ್ಕಾಲಿಕ. ಪರೀಕ್ಷೆ ಮುಗಿದಾಗ ವೇಷ ಕಳಚುತ್ತದೆ, ದೇವರು ದೇವರಾಗಿ ಪ್ರಕಟನಾಗುತ್ತಾನೆ, ಒಕ್ಕಲಾದವರು ಅವನನ್ನು ಗುರುತಿಸಿ ನಡೆದುಕೊಳ್ಳುತ್ತಾರೆ. ಮತ್ತಾಯನಲ್ಲಿ ಭಿಕ್ಷುಕ ಭಿಕ್ಷುಕನೇ, ಸೆರೆಯಾಳು ಸೆರೆಯಾಳೇ. ಅರಸ ಅವರ ವೇಷ ತೊಟ್ಟು ಬಂದಿದ್ದೆನೆಂದು ಹೇಳುವುದಿಲ್ಲ. ಅವರಿಗೆ ಮಾಡಿದ್ದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡೆನೆಂದು ಹೇಳುತ್ತಾನೆ. ಆದ್ದರಿಂದ ‘ಈ ಬಡವನೊಳಗೆ ದೇವರಿರಬಹುದು’ ಎಂಬ ಎಚ್ಚರದಿಂದ ನೀಡಿದ ಅನ್ನ ಮಾದಪ್ಪನ ಕಥೆಗೆ ಹೆಚ್ಚು ಹತ್ತಿರ. ಸಾಮ್ಯವನ್ನು ಒಮ್ಮೆ ಓದಿದವನಿಗೆ ಬಲಗಡೆಯವರ ಆ ಅರಿಯದಿರುವಿಕೆ ಮತ್ತೆ ದಕ್ಕುವುದಿಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಇಷ್ಟೇ: ದೇವರನ್ನು ಕಾಣುವ ಉಪಾಯವಾಗಿ ಎದುರಿನವನನ್ನು ಬಳಸದೆ, ಅವನ ಬಾಯಾರಿಕೆಯನ್ನು ಬಾಯಾರಿಕೆಯಾಗಿಯೇ ಕಂಡಾಗ ಓದಿದವನೂ ಆ ಕ್ಷಣಕ್ಕೆ ಓದನ್ನು ಮರೆತಿರುತ್ತಾನೆ. ಸಾಮ್ಯ ಬಯಸುವುದು ಅಂಥ ಮರೆವನ್ನು.

6

ಬಾಯಾರಿಕೆಯ ಮಾತು ಪೆನ್ನಾಗರಂನಲ್ಲಿ ರೂಪಕವಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುವುದು, ಮೂಳೆ ಬಾಗುವುದು ಅದರ ಫಲ. ಇದಕ್ಕೆ ಪರಿಹಾರವಾಗಿ ಜಪಾನಿನ ನೆರವಿನಿಂದ ರೂಪುಗೊಂಡ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ 2008ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದಾಗ ಕರ್ನಾಟಕದಲ್ಲಿ ತೀವ್ರ ಪ್ರತಿಭಟನೆಗಳಾದವು. ಯೋಜನೆ ಕೆಲಕಾಲ ತಡೆಹಿಡಿಯಲ್ಪಟ್ಟು 2013ರಲ್ಲಿ ಕಾರ್ಯಾರಂಭ ಮಾಡಿತು. ಗಡಿ ಮತ್ತು ನದಿಯ ಹಕ್ಕುಗಳ ಪ್ರಶ್ನೆ ಪೊಳ್ಳೆಂದು ಇಲ್ಲಿ ವಾದಿಸುತ್ತಿಲ್ಲ. ಅದನ್ನು ತೀರ್ಮಾನಿಸುವ ವೇದಿಕೆಗಳು ಬೇರೆ ಇವೆ. ಆದರೆ ಕನ್ನಡದ ಹೆಸರಿನಲ್ಲಿ ತಡೆಯಲು ಹೊರಟ ನೀರು ಈ ಸೀಮೆಯ ಕನ್ನಡ ಮನೆಗಳ ಕೊಡಕ್ಕೂ ಬರಬೇಕಾದ ನೀರಾಗಿತ್ತು ಎಂಬುದು ಆ ಗದ್ದಲದಲ್ಲಿ ಕೇಳಿಬಂದದ್ದು ಕಡಿಮೆ. ‘ನಿನ್ನನ್ನು ಯಾವಾಗ ಬಾಯಾರಿದವನಾಗಿ ಕಂಡೆವು’ ಎಂಬ ಎಡಗಡೆಯವರ ಪ್ರಶ್ನೆಯ ಪ್ರಾಮಾಣಿಕತೆ ಇಂಥಲ್ಲಿ ಅರ್ಥವಾಗುತ್ತದೆ. ಅವರು ನಿಜವಾಗಿಯೂ ಕಂಡಿರಲಿಲ್ಲ.

‘ಪರದೇಶಿ’ ಎಂಬ ಪದವನ್ನೂ ಹೀಗೆಯೇ ತೂಗಬೇಕು. ಗ್ರೀಕಿನ ‘ಕ್ಸೆನೋಸ್’ ಎಂಬುದಕ್ಕೆ ತಮಿಳು ಪಾಠ ‘ಅನ್ನಿಯನ್’ ಎಂದರೆ ಕನ್ನಡ ಪಾಠ ‘ಪರದೇಶಿ’ ಎನ್ನುತ್ತದೆ. ಆಡುಮಾತಿನಲ್ಲಿ, ಎರಡೂ ಭಾಷೆಗಳಲ್ಲಿ, ಪರದೇಶಿಯೆಂದರೆ ಹೊರನಾಡಿನವನಷ್ಟೇ ಅಲ್ಲ. ದಿಕ್ಕಿಲ್ಲದವನು, ಬೈಗುಳಕ್ಕೂ ಆದೀತು. ಇದೇ ಸಾಮ್ಯದ ಆರಂಭದಲ್ಲಿ ಗ್ರೀಕಿನ ‘ಎತ್ನೆ’ ಎಂಬುದನ್ನು ಕನ್ನಡ ಪಾಠ ದೇಶಗಳ ಜನರೆಂದು ಬಿಡಿಸಿದೆ. ಹಾಗಾಗಿ ಕನ್ನಡದಲ್ಲಿ ‘ದೇಶ’ ನ್ಯಾಯಪೀಠದ ಮುಂದೆಯೂ ಇದೆ, ‘ಪರದೇಶಿ’ಯ ಒಡಲಿನಲ್ಲಿಯೂ ಇದೆ. ದೇಶಗಳಿಗೆ ತೀರ್ಪಾಗುವುದು ಪರದೇಶಿಯಿಂದ ಎಂಬುದು ಮೂಲದಲ್ಲಿ ಕಾಣದ, ಕನ್ನಡ ಪಾಠಕ್ಕೆ ಒದಗಿದ ಅರ್ಥ. ಜೊತೆಗೆ ಮೂಲದ ವ್ಯಾಕರಣವೂ ಗಮನಾರ್ಹ. ‘ಎತ್ನೆ’ ನಪುಂಸಕಲಿಂಗದ ಪದ. ಬೇರ್ಪಡಿಸುವ ಮಾತು ಬಂದೊಡನೆ ಸರ್ವನಾಮ ಪುಲ್ಲಿಂಗಕ್ಕೆ ತಿರುಗುತ್ತದೆ. ಬಂದು ಸೇರುವುದು ಜನಾಂಗಗಳು. ಬೇರೆಯಾಗಿ ನಿಲ್ಲುವವರು ಮನುಷ್ಯರು. ಜನಾಂಗದ ಮರೆಯಲ್ಲಿ ಯಾರೂ ಉತ್ತರ ತಪ್ಪಿಸಿಕೊಳ್ಳಲಾರರು.

ಪೆನ್ನಾಗರಂನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರು ಬಹಳ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು. ಅಂಥ ಹೊತ್ತಿನಲ್ಲಿ ಈ ಸೀಮೆಯ ದುಡಿಮೆಗಾರ ಯಾವ ಭಾಷೆಯವನು? ಊರಿನಲ್ಲಿ ಕನ್ನಡದವನೆಂದು ಅಲ್ಪನಾದವನು ಅಲ್ಲಿ ತಮಿಳುನಾಡಿನವನೆಂದು ಪರದೇಶಿ. ನಾವು ಅಲ್ಪರು ಎಂಬ ನಮ್ಮ ಹಕ್ಕುಮಾತು ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಇನ್ನೂ ಹತ್ತಿರಕ್ಕೆ ಬಂದರೆ, ನಮ್ಮ ಕೇರಿಯ ಆಚೆಗೇ ಇರುಳರಿದ್ದಾರೆ, ದಲಿತರಿದ್ದಾರೆ. ಅವರ ಮುಂದೆ ನಾವು ಅಲ್ಪರಲ್ಲ. ‘ಅಲ್ಪ’ ಎಂಬುದು ಸಮುದಾಯವೊಂದರ ಶಾಶ್ವತ ಬಿರುದಲ್ಲ. ಅದು ಇಬ್ಬರು ಎದುರುಬದುರಾದಾಗ ಹುಟ್ಟುವ ಸ್ಥಾನ. ಎದುರಿಗಿರುವವರು ಬದಲಾದಂತೆ ಅದೂ ಬದಲಾಗುತ್ತದೆ.

ಆದ್ದರಿಂದ ಈ ಸಾಮ್ಯ ಭಾಷಾ ಅಲ್ಪಸಂಖ್ಯಾತರಿಗೆ ಎರಡು ಮಾತು ಹೇಳುತ್ತದೆ. ಅಲ್ಪರನ್ನು ಹೇಗೆ ನಡೆಸಿಕೊಂಡಿತೋ ಅದರಿಂದಲೇ ದೊಡ್ಡ ಸಮಾಜವನ್ನು ಅಳೆಯಬೇಕೆಂಬ ನಮ್ಮ ವಾದಕ್ಕೆ ಅದು ಬೆಂಬಲ ಕೊಡುತ್ತದೆ. ಆ ವಾದವನ್ನು ನಾವು ಕೈಬಿಡಬೇಕಾಗಿಲ್ಲ. ಆದರೆ ಅದೇ ಅಳತೆಗೋಲನ್ನು ನಮ್ಮ ಬಾಗಿಲಿಗೂ ತಂದು ನಿಲ್ಲಿಸುತ್ತದೆ. ಬೇರ್ಪಡಿಸುವ ಕೆಲಸವನ್ನು ಅದು ಒಬ್ಬನಿಗೇ, ಅದೂ ಕೊನೆಗೇ ವಹಿಸಿದೆ. ಅಲ್ಲಿಯವರೆಗೆ ಕೆಂಪು ಕುರಿಯೂ ಕಪ್ಪು ಆಡೂ ಒಂದೇ ಬೀಳಿನಲ್ಲಿ ಮೇಯುತ್ತವೆ, ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತವೆ. ಎರಡನ್ನೂ ನೀರಿಗೆ ಹೊಡೆದುಕೊಂಡು ಹೋಗುವುದು ಹಗಲಿನ ಕೆಲಸ.